ಸೈಕಲ್ ತುಳಿದರೆ ಸೂರು ಬರುವುದೇ?

ಕೃಷ್ಣಗಿರಿಯಿಂದ ಧರ್ಮಪುರಿಗೆ ಬಂದು, ಅಲ್ಲಿಂದ ತೊಪ್ಪೂರು ಘಾಟಿಯನ್ನು ಇಳಿದು, ಓಮಲೂರಿನ ಮಾರ್ಗವಾಗಿ ಸೇಲಂಗೆ ಸಾಗುವ ಹೆದ್ದಾರಿ ನಮಗೆಲ್ಲರಿಗೂ ಪರಿಚಿತವಾದುದು. ಹಿಂದೆ ಅದು 7ನೆಯ ಸಂಖ್ಯೆಯ ಹೆದ್ದಾರಿ, ಈಗ 44ನೆಯದು. ಶ್ರೀನಗರದಿಂದ ಹೊರಟು ಕನ್ಯಾಕುಮಾರಿಯಲ್ಲಿ ಮುಗಿಯುವ ಈ ರಸ್ತೆಯ ಉದ್ದ ಸುಮಾರು 3,700 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸೈಕಲ್ ಸವಾರಿ ಕೈಗೊಂಡವರು ಈ ದಾರಿಯಲ್ಲಿಯೇ ನಮ್ಮ ಊರುಗಳನ್ನು ಹಾದು ಹೋಗುತ್ತಾರೆ. ಸೈಕಲ್ಲಿಗೆ ಕಟ್ಟಿದ ಪುಟ್ಟ ಬಾವುಟ, ಹಿಂಬದಿಯಲ್ಲಿ ಎರಡು ಚೀಲ, ಅಂಗಿಯ ಬೆನ್ನಿನ ಮೇಲೆ ಅಚ್ಚಾದ ಒಂದು ಸಾಲು: ಇಂತಹ ಒಳ್ಳೆಯ ಕೆಲಸಕ್ಕಾಗಿ ಈ ಯಾತ್ರೆ ಎಂದು. ಚಹಾದಂಗಡಿಯ ಮುಂದೆ ನಿಂತವರು ಅದನ್ನು ಓದಿ, ‘ಪಾಪ, ಎಷ್ಟು ದೂರದಿಂದ ಬಂದಿದ್ದಾರೆ’ ಎಂದುಕೊಂಡು ತಮ್ಮ ಕೆಲಸಕ್ಕೆ ತೆರಳುತ್ತಾರೆ.

ಒಬ್ಬನು ಸೈಕಲ್ ತುಳಿಯುವುದಕ್ಕೂ ಮತ್ತೊಬ್ಬನ ಕಷ್ಟ ಪರಿಹಾರವಾಗುವುದಕ್ಕೂ ಏನು ಸಂಬಂಧ? ತುಳಿದವನ ಬೆವರಿನಿಂದ ಗೋಡೆಯೇಳುವುದಿಲ್ಲ. ಆದರೂ ಬಡವರಿಗೆ ಮನೆ ಕಟ್ಟಿಕೊಡುವ ಸಲುವಾಗಿಯೇ ಸಾವಿರಾರು ಕಿಲೋಮೀಟರ್ ಸೈಕಲ್ ತುಳಿಯುವ ಪರಿಪಾಠವೊಂದು ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಗೂ ಹಿಂದೆ ಬೆಳೆದು ಬಂದಿತು. ಅದರ ಹಿಂದಿನ ವಿಚಾರವನ್ನು ತಿಳಿದರೆ ನಮ್ಮ ಶಾಲೆಗಳ ಮಕ್ಕಳಿಗೂ ಪಾಲಕರಿಗೂ ಉಪಯೋಗವಾದೀತು ಎಂಬ ನಂಬಿಕೆಯಿಂದ ಈ ವಾರ ಅದನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

ಈ ಕಥೆ ಸೈಕಲ್ಲಿನಿಂದಲ್ಲ, ಕಾಲ್ನಡಿಗೆಯಿಂದ ಆರಂಭವಾಗುತ್ತದೆ. ಮಿಲ್ಲರ್ಡ್ ಫುಲ್ಲರ್ ಎಂಬವರು ಅಲಬಾಮಾ ಸಂಸ್ಥಾನದ ವಕೀಲರು. ಮೂವತ್ತು ತುಂಬುವ ಮೊದಲೇ ವ್ಯಾಪಾರದಲ್ಲಿ ಲಕ್ಷಾಂತರ ಡಾಲರ್ ಗಳಿಸಿದವರು. ಹಣ ಹೆಚ್ಚಿದಂತೆ ಸಂಸಾರ ಒಡೆಯುವ ಸ್ಥಿತಿಗೆ ಬಂದಾಗ ಗಂಡಹೆಂಡಿರಿಬ್ಬರೂ ಕೂಡಿ ಆಲೋಚಿಸಿ ಆಸ್ತಿಯನ್ನೆಲ್ಲ ತ್ಯಜಿಸಿದರು. ಅನಂತರ ಜಾರ್ಜಿಯಾದ ಒಂದು ಸಾಮುದಾಯಿಕ ಕೃಷಿಕ್ಷೇತ್ರದಲ್ಲಿದ್ದು, ಬಡವರಿಗೆ ಮನೆ ಕಟ್ಟುವ ಒಂದು ಕ್ರಮವನ್ನು ರೂಪಿಸಿಕೊಂಡರು. 1976ರಲ್ಲಿ ಅದೇ ‘ಹ್ಯಾಬಿಟಾಟ್ ಫಾರ್ ಹ್ಯೂಮ್ಯಾನಿಟಿ’ ಎಂಬ ಸಂಸ್ಥೆಯಾಯಿತು. 1983ರಲ್ಲಿ ಫುಲ್ಲರ್ ತಮ್ಮ ಊರಾದ ಅಮೆರಿಕಸ್‌ನಿಂದ ಇಂಡಿಯಾನಾಪೊಲಿಸ್ ನಗರದವರೆಗೆ 700 ಮೈಲು, ಎಂದರೆ ಸುಮಾರು 1,100 ಕಿಲೋಮೀಟರ್, ನಡೆದೇ ಹೋಗಿ ಮನೆಗಳಿಗಾಗಿ ಧನಸಂಗ್ರಹ ಮಾಡಿದರು. ಅದೇ ವರ್ಷ ಈ ಸಂಸ್ಥೆಯ ಕೆಲಸ ಭಾರತದಲ್ಲಿಯೂ, ಆಂಧ್ರದ ಖಮ್ಮಂನಲ್ಲಿ, ಆರಂಭವಾಯಿತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮ 82ನೆಯ ವಯಸ್ಸಿನಲ್ಲಿ ಮಹಾರಾಷ್ಟ್ರದ ಲೋಣಾವಳದ ಸಮೀಪಕ್ಕೆ ಬಂದು, ನೂರು ಮನೆಗಳ ನಿರ್ಮಾಣದಲ್ಲಿ ಸ್ವಯಂಸೇವಕರೊಡನೆ ಇಟ್ಟಿಗೆ ಹೊತ್ತದ್ದು ಕೆಲವರಿಗೆ ನೆನಪಿರಬಹುದು.

ಈ ಸಂಸ್ಥೆಯ ನಿಯಮಗಳು ಗಮನಾರ್ಹವಾದವು. ಮನೆಯನ್ನು ದಾನವಾಗಿ ಕೊಡುವುದಿಲ್ಲ. ಲಾಭವಿಲ್ಲದೆ, ಬಡ್ಡಿಯಿಲ್ಲದೆ, ಖರ್ಚಾದಷ್ಟೇ ಬೆಲೆಗೆ ಕೊಟ್ಟು ಸಣ್ಣ ಸಣ್ಣ ಕಂತುಗಳಲ್ಲಿ ಹಿಂದಕ್ಕೆ ಪಡೆಯುವುದು. ಹಾಗೆ ಬಂದ ಹಣದಿಂದ ಮುಂದಿನ ಕುಟುಂಬದ ಮನೆ ಕಟ್ಟುವುದು. ಮನೆ ಪಡೆಯುವವರು ತಮ್ಮ ಮನೆಗೂ ನೆರೆಯವರ ಮನೆಗೂ ನೂರಾರು ಗಂಟೆ ದುಡಿಯಬೇಕು. ‘ಇದು ಯಾರೋ ಹಾಕಿದ ಭಿಕ್ಷೆಯಲ್ಲ, ನಾನು ಕಟ್ಟಿಕೊಂಡ ಮನೆ’ ಎಂದು ಗೃಹಪ್ರವೇಶದ ದಿನ ಆ ಮನೆಯೊಡತಿ ತಲೆಯೆತ್ತಿ ಹೇಳುವಂತಿರಬೇಕೆಂಬುದೇ ಇದರ ಉದ್ದೇಶ.

ಈ ಮನೆಕಟ್ಟುವ ಕೆಲಸಕ್ಕೆ ಸೈಕಲ್ ಬಂದು ಸೇರಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. 2002ರಲ್ಲಿ ‘ಬೈಕ್ ಅಂಡ್ ಬಿಲ್ಡ್’ ಎಂಬ ಸಂಸ್ಥೆ ಹುಟ್ಟಿತು. ಹದಿನೆಂಟು ವರ್ಷ ದಾಟಿದ ತರುಣ ತರುಣಿಯರು ಗುಂಪುಗೂಡಿ, ಬೇಸಗೆಯ ರಜೆಯಲ್ಲಿ ಅಮೆರಿಕದ ಒಂದು ಕಡಲಂಚಿನಿಂದ ಇನ್ನೊಂದು ಕಡಲಂಚಿಗೆ ಸುಮಾರು 6,000 ಕಿಲೋಮೀಟರ್ ಸೈಕಲ್ ತುಳಿಯುವುದು. ಹೊರಡುವ ಮೊದಲೇ ಪ್ರತಿಯೊಬ್ಬರೂ ತಮ್ಮ ಬಂಧುಮಿತ್ರರಿಂದ ಗೊತ್ತಾದ ಮೊತ್ತವನ್ನು ಸಂಗ್ರಹಿಸುವುದು. ದಾರಿಯ ನಡುವೆ ಕೆಲವು ದಿನ ಸೈಕಲ್ ನಿಲ್ಲಿಸಿ ಮನೆ ಕಟ್ಟುವಲ್ಲಿ ಕೂಲಿಯವರಂತೆ ದುಡಿಯುವುದು. ರಾತ್ರಿ ಚರ್ಚುಗಳಲ್ಲಿಯೋ ಶಾಲೆಗಳಲ್ಲಿಯೋ ತಂಗಿ, ತಾವು ಬಂದ ಕಾರಣವನ್ನು ಆ ಊರಿನವರಿಗೆ ಹೇಳುವುದು: ಇದು ಅವರ ವಿಧಾನ. ಹ್ಯಾಬಿಟಾಟ್‌ನಿಂದ ಹೊರಬಂದ ಮೇಲೆ ಫುಲ್ಲರ್ 2005ರಲ್ಲಿ ಸ್ಥಾಪಿಸಿದ ‘ಫುಲ್ಲರ್ ಸೆಂಟರ್’ ಕೂಡ 2008ರಿಂದ ಇಂತಹುದೇ ಸೈಕಲ್ ಯಾತ್ರೆಯನ್ನು ನಡೆಸತೊಡಗಿತು.

ಇಲ್ಲಿ ಯಾರಿಗಾದರೂ ಒಂದು ಸಂದೇಹ ಹುಟ್ಟುವುದು ಸಹಜ. ಸೈಕಲ್ ಕೊಳ್ಳಲು, ದಾರಿಯ ಊಟಕ್ಕೆ, ಹಿಂದೆ ಬರುವ ವಾಹನಕ್ಕೆ ಖರ್ಚಾಗುವ ಹಣವನ್ನು ನೇರವಾಗಿ ಮನೆಗೇ ಕೊಟ್ಟುಬಿಡಬಾರದೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಯಾತ್ರೆಯ ವೆಚ್ಚ ಸಂಗ್ರಹದ ಬಹುಭಾಗವನ್ನು ನುಂಗುವುದಾದರೆ ಅದು ಪರೋಪಕಾರವಲ್ಲ, ಪರರ ಹೆಸರಿನಲ್ಲಿ ಮಾಡಿದ ಪ್ರವಾಸ. ಆದರೆ ವೆಚ್ಚವನ್ನು ಸವಾರನೇ ಭರಿಸಿ, ಕೊಟ್ಟವರ ಹಣ ಪೂರ್ತಿಯಾಗಿ ಮನೆಗೆ ಸಲ್ಲುವುದಾದರೆ ಲೆಕ್ಕ ಬೇರೆಯಾಗುತ್ತದೆ. ಮನೆಯಲ್ಲಿ ಕುಳಿತು ಕೇಳಿದರೆ ಹತ್ತು ರೂಪಾಯಿ ಕೊಡದವನು, ‘ನಾನು ಇಷ್ಟು ದೂರ ತುಳಿಯುತ್ತೇನೆ, ನೀವು ಇಷ್ಟು ಕೊಡಿ’ ಎಂದಾಗ ಕೊಡುತ್ತಾನೆ. ಏಕೆಂದರೆ ಕೇಳುವವನು ತಾನು ಮೊದಲು ಏನನ್ನೋ ಕೊಟ್ಟಿದ್ದಾನೆ. ಅದಕ್ಕಿಂತ ಮುಖ್ಯವಾದದ್ದು, ಆ ಹತ್ತು ರೂಪಾಯಿಯ ಜೊತೆಗೆ ಒಂದು ಮನೆಯ ಸುದ್ದಿಯೂ ಅವನ ಕಿವಿಗೆ ಬಿದ್ದಿರುತ್ತದೆ. ಸೈಕಲ್ ಯಾತ್ರೆ ಸಂಗ್ರಹಿಸುವುದು ಹಣವನ್ನು ಮಾತ್ರವಲ್ಲ, ತಿಳಿದ ಜನರನ್ನು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ನಡೆದು ಕೇಳುವ ಪದ್ಧತಿ ನಮಗೆ ಹೊಸದೇನೂ ಅಲ್ಲ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ನಲವತ್ತು ಹರಿಜನ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ ಎಂಬತ್ತು ಎಕರೆ ಭೂಮಿಯನ್ನು ಕೇಳಿಕೊಂಡವು. ಅದೇ ಸಭೆಯಲ್ಲಿದ್ದ ರಾಮಚಂದ್ರ ರೆಡ್ಡಿಯವರು ನೂರು ಎಕರೆ ಕೊಡುವುದಾಗಿ ಎದ್ದು ನಿಂತರು. ಅಲ್ಲಿಂದ ವಿನೋಬಾ ಹತ್ತಕ್ಕೂ ಹೆಚ್ಚು ವರ್ಷ ನಡೆದರು; ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ನಡೆದರು. ಲಕ್ಷಾಂತರ ಎಕರೆ ದಾನವಾಗಿ ಬಂದಿತು. ಆದರೆ ಅದರಲ್ಲಿ ಬಹಳಷ್ಟು ಭೂಮಿ ಬಡವರ ಕೈಸೇರಲಿಲ್ಲ. ಕೆಲವು ಉಳುಮೆಗೆ ಯೋಗ್ಯವಲ್ಲದವು, ಕೆಲವು ವ್ಯಾಜ್ಯದಲ್ಲಿದ್ದವು, ಕೆಲವಕ್ಕೆ ಕಾಗದಪತ್ರಗಳೇ ಆಗಲಿಲ್ಲ. ಕೊಡುವ ಮನಸ್ಸಿನಷ್ಟೇ ಕೊಟ್ಟದ್ದನ್ನು ದಾಖಲೆಗೆ ತರುವ ಶ್ರದ್ಧೆಯೂ ಬೇಕೆಂಬ ಪಾಠವನ್ನು ಆ ಮಹಾಯಾತ್ರೆ ನಮಗೆ ಬಿಟ್ಟುಹೋಗಿದೆ.

ಸೈಕಲ್ಲಿನ ಶಕ್ತಿಯನ್ನೂ ನಮ್ಮ ರಾಜ್ಯ ಕಂಡಿದೆ. 1990ರ ದಶಕದ ಆರಂಭದಲ್ಲಿ ಪುದುಕ್ಕೋಟ್ಟೆ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ, ಅಂದಿನ ಕಲೆಕ್ಟರ್ ಶೀಲಾರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಹಳ್ಳಿಯ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಿದರು. 1992ರ ಮಹಿಳಾ ದಿನದಂದು 1,500 ಮಂದಿ ಹೆಂಗಸರು ಬಾವುಟ ಕಟ್ಟಿದ ಸೈಕಲ್ಲುಗಳಲ್ಲಿ ಪುದುಕ್ಕೋಟ್ಟೆಯ ಬೀದಿಗಳಲ್ಲಿ ಸಾಗಿದರು. ಗಂಡನನ್ನೋ ಅಣ್ಣನನ್ನೋ ಕಾಯದೆ ನೀರು ತರಲು, ಸಂತೆಗೆ ಹೋಗಲು, ಮಗುವನ್ನು ಆಸ್ಪತ್ರೆಗೆ ಒಯ್ಯಲು ಅವರಿಗೆ ಸಾಧ್ಯವಾಯಿತು. ಇಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಸರ್ಕಾರದಿಂದಲೇ ಉಚಿತವಾಗಿ ಸೈಕಲ್ ದೊರೆಯುತ್ತಿದೆ. ನಮ್ಮ ಎಷ್ಟೋ ಮನೆಗಳ ಜಗುಲಿಯ ಮೇಲೆ ಅವು ನಿಂತಿವೆ.

ಇನ್ನು ನಮ್ಮ ಸೀಮೆಯ ಸೂರಿನ ವಿಷಯ. 1965ರವರೆಗೆ ಧರ್ಮಪುರಿಯೂ ಸೇಲಂ ಜಿಲ್ಲೆಯೇ ಆಗಿತ್ತು. ಮನೆ ಕಳೆದುಕೊಳ್ಳುವುದೆಂದರೇನೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಮೇಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಕಾವೇರಿಯ ದಡದ ಹಳ್ಳಿಗಳು ಮುಳುಗಿದವು. ಜಲಾಶಯದ ಪೂರ್ಣ ಮಟ್ಟ 120 ಅಡಿ. ಬೇಸಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ಜಲಕಂಠೇಶ್ವರ ದೇವಾಲಯದ ನಂದಿಯೂ ಚರ್ಚಿನ ಗೋಪುರವೂ ನೀರಿನಿಂದ ಮೇಲೆದ್ದು ಕಾಣುತ್ತವೆ. ಜನರು ತಂಡತಂಡವಾಗಿ ಹೋಗಿ ನೋಡಿ ಬರುತ್ತಾರೆ. ಕಲ್ಲಿನ ಗುಡಿಯೂ ಚರ್ಚೂ ಉಳಿದವು. ಅವುಗಳ ಸುತ್ತ ಇದ್ದ ಮಣ್ಣಿನ ಮನೆಗಳು ಉಳಿಯಲಿಲ್ಲ.

ಇಂದು ನೀರು ಮುಳುಗಿಸದಿದ್ದರೂ ಸೂರಿಲ್ಲದವರು ನಮ್ಮ ನಡುವೆ ಇದ್ದಾರೆ. ಪೆನ್ನಾಗರಂ ಕಾಡಂಚಿನ ಇರುಳರು, ಏರ್ಕಾಡು ಬೆಟ್ಟದ ಮಲಯಾಳಿ ಬುಡಕಟ್ಟಿನವರು, ಮಳೆಯನ್ನೇ ನಂಬಿದ ಹೊಲಗಳ ಕೂಲಿಗಳು, ಸುಣ್ಣ ಬಣ್ಣ ಕಾಣದ ಗೋಡೆಗಳ ನಡುವೆ ಮಗ್ಗ ನಡೆಸುವ ನೇಕಾರರು. ಧರ್ಮಪುರಿ ಜಿಲ್ಲೆಯಿಂದ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವವರು ಬಹಳ ಮಂದಿ. ಪರರಿಗೆ ಮಹಡಿಯ ಮೇಲೆ ಮಹಡಿ ಕಟ್ಟಿಕೊಡುವ ಆ ಕೈಗಳ ಸ್ವಂತ ಮನೆ ಊರಿನಲ್ಲಿ ಅರ್ಧಕ್ಕೆ ನಿಂತಿರುತ್ತದೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಮಳೆಗಾಲದಲ್ಲಿ ಛಾವಣಿ ಸೋರಿ ಪುಸ್ತಕ ನೆನೆದರೆ ಮರುದಿನ ಮಗು ಶಾಲೆಗೆ ಬರುವುದಿಲ್ಲ. ಗೋಡೆ ಕುಸಿದರೆ ಅಪ್ಪ ಅವ್ವ ಬಂದು ಮಗುವನ್ನೂ ಕರೆದುಕೊಂಡು ಹೋಗುತ್ತಾರೆ. ಮಕ್ಕಳ ಸಂಖ್ಯೆ ಕಡಮೆಯಿರುವ ಕನ್ನಡ ಶಾಲೆಯಲ್ಲಿ ಹಾಗೆ ಒಂದು ಮಗು ಹೋಯಿತೆಂದರೆ ಒಂದು ಬೆಂಚು ಬರಿದಾದಂತೆ. ಆದುದರಿಂದ ಸೂರಿನ ಪ್ರಶ್ನೆ ನಮ್ಮ ಶಾಲೆಗಳ ಪ್ರಶ್ನೆಯೂ ಹೌದು.

ಸರ್ಕಾರದ ಯೋಜನೆಗಳಿಲ್ಲವೇ? ಇವೆ. 2016ರಲ್ಲಿ ಆರಂಭವಾದ ಕೇಂದ್ರದ ಗ್ರಾಮೀಣ ವಸತಿ ಯೋಜನೆ ಬಯಲು ಸೀಮೆಯ ಒಂದು ಮನೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿಯನ್ನು ಗೊತ್ತುಮಾಡಿತು. ಅದಕ್ಕೆ ರಾಜ್ಯ ಸರ್ಕಾರವೂ ತನ್ನ ಹಣವನ್ನು ಸೇರಿಸಿತು. 2024–25ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ‘ಕಲೈಞರ್ ಕನವು ಇಲ್ಲಂ’ ಯೋಜನೆಯಲ್ಲಿ 360 ಚದರಡಿಯ ಮನೆಗೆ 3.50 ಲಕ್ಷ ರೂಪಾಯಿ. 2030ರೊಳಗೆ ಎಂಟು ಲಕ್ಷ ಮನೆಗಳೆಂಬುದು ಅದರ ಗುರಿ. ಇದು ಸಣ್ಣ ಪ್ರಯತ್ನವಲ್ಲ. ಯಾವ ಸೈಕಲ್ ಯಾತ್ರೆಯೂ ಇದಕ್ಕೆ ಸಮನಾಗಲಾರದು.

ಆದರೆ ಈ ಯೋಜನೆಗಳ ನಡುವೆಯೇ ಎರಡು ಕಡೆ ಬಡವನು ಎಡವುತ್ತಾನೆ. ಮೊದಲನೆಯದು ಪಟ್ಟಾ. ತನ್ನ ಹೆಸರಿನಲ್ಲಿ ನಿವೇಶನವಿಲ್ಲದವನಿಗೆ ಮನೆಯ ಹಣವೂ ಇಲ್ಲ. ಅಜ್ಜನ ಕಾಲದಿಂದ ಅದೇ ಗುಡಿಸಲಿನಲ್ಲಿದ್ದರೂ ಕಾಗದ ಬೇರೆಯವರ ಹೆಸರಿನಲ್ಲಿಯೋ ಪುರಂಬೋಕೆಂದೋ ಇರುತ್ತದೆ. ಎರಡನೆಯದು ಕಂತು. ಹಣ ಒಮ್ಮೆಗೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಎಂದು ಕೆಲಸ ಒಂದೊಂದು ಹಂತಕ್ಕೆ ಬಂದ ಮೇಲೆ ಅಧಿಕಾರಿಗಳು ನೋಡಿ, ಅನಂತರ ಕಂತು ಬಿಡುಗಡೆಯಾಗುತ್ತದೆ. ಸರ್ಕಾರದ ಹಣ ಪೋಲಾಗದಂತೆ ಈ ಕ್ರಮ ಬೇಕೇ ಬೇಕು. ಆದರೆ ಮುಂದಿನ ಹಂತವನ್ನು ಮುಟ್ಟಲು ಕೈಯಲ್ಲಿ ಕಾಸಿಲ್ಲದವನು ಏನು ಮಾಡಬೇಕು? ಲಿಂಟಲ್ ಮಟ್ಟಕ್ಕೆ ಹತ್ತು ಮೂಟೆ ಸಿಮೆಂಟ್ ಕಡಮೆಬಿದ್ದರೆ ಬಡ್ಡಿಗೆ ತರಬೇಕು, ಇಲ್ಲವೇ ಗೋಡೆಯನ್ನು ಹಾಗೆಯೇ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸಣ್ಣ ನೆರವು ದೊಡ್ಡ ಕೆಲಸ ಮಾಡಬಲ್ಲದ್ದು ಇಲ್ಲಿಯೇ. ಇಡೀ ಮನೆಯ ವೆಚ್ಚವನ್ನು ಹೊರುವ ಶಕ್ತಿ ನಮ್ಮ ಶಾಲೆಯ ಪಾಲಕರಿಗಿಲ್ಲ. ಆದರೆ ನಿಂತ ಗೋಡೆಯನ್ನು ಒಂದು ಹಂತ ಮೇಲಕ್ಕೆ ತಂದರೆ ತಡೆದುನಿಂತ ಸರ್ಕಾರದ ಕಂತು ತಾನಾಗಿ ಬರುತ್ತದೆ. ಫುಲ್ಲರ್ ಅವರ ನಿಯಮವನ್ನು ಇಲ್ಲಿ ಅನುಸರಿಸಬಹುದು: ಕಂತು ಬಂದ ಮೇಲೆ ಆ ಕುಟುಂಬ ಪಡೆದದ್ದನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಲಿ, ಅದೇ ಹಣ ಇನ್ನೊಂದು ನಿಂತ ಗೋಡೆಗೆ ಹೋಗಲಿ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಶಾಲೆಯ ನಲವತ್ತು ಮಕ್ಕಳು ಒಂದು ಭಾನುವಾರ ಬೆಳಗ್ಗೆ ಹದಿನೈದು ಕಿಲೋಮೀಟರ್ ಸೈಕಲ್ ತುಳಿಯುತ್ತಾರೆನ್ನಿ. ಪ್ರತಿಯೊಂದು ಮಗುವೂ ತನಗೆ ಪರಿಚಯವಿರುವ ಐದು ಮಂದಿಯನ್ನು ಕಂಡು, ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಕೊಡುವ ಮಾತು ಪಡೆಯುತ್ತದೆ. ಒಟ್ಟು ಮೊತ್ತ 3,000 ರೂಪಾಯಿ. ಕೇವಲ ಮೂರು ಸಾವಿರ! ಇದರಿಂದ ಮನೆಯಾಗುವುದಿಲ್ಲವೆಂಬುದನ್ನು ಮಕ್ಕಳಿಗೂ ಮರೆಮಾಚದೆ ಹೇಳಬೇಕು. ಕೆಲವು ಮೂಟೆ ಸಿಮೆಂಟ್, ಇಲ್ಲವೇ ಮೇಸ್ತ್ರಿಯ ಕೆಲವು ದಿನಗಳ ಕೂಲಿ, ಅಷ್ಟೇ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ನಲವತ್ತು ಮಕ್ಕಳು ಐದೈದು ಮಂದಿಗೆ ಹೇಳಿದಾಗ ಇನ್ನೂರು ಮಂದಿಗೆ ನಮ್ಮೂರಿನಲ್ಲಿ ಗೋಡೆಯೊಂದು ಅರ್ಧಕ್ಕೆ ನಿಂತಿರುವುದು ತಿಳಿದಿರುತ್ತದೆ. ಆ ಇನ್ನೂರರಲ್ಲಿ ಒಬ್ಬರ ಬಳಿ ಉಳಿದ ಮರಳಿರಬಹುದು, ಒಬ್ಬರು ಮರಗೆಲಸದವರಿರಬಹುದು, ಒಬ್ಬರಿಗೆ ಪಟ್ಟಾದ ಅರ್ಜಿ ಬರೆಯುವ ಕ್ರಮ ತಿಳಿದಿರಬಹುದು, ಒಬ್ಬರಿಗೆ ಯೂನಿಯನ್ ಕಚೇರಿಯ ಓವರ್ಸಿಯರ್ ಪರಿಚಯವಿರಬಹುದು. ತಮಿಳಿನಲ್ಲಿ ಅರ್ಜಿ ಬರೆಯಲು ಹಿಂಜರಿಯುವ ಕನ್ನಡದ ಮನೆಯವರಿಗೆ ಅಂತಹ ಒಬ್ಬರ ನೆರವು ಆ ಮೂರು ಸಾವಿರಕ್ಕಿಂತ ದೊಡ್ಡದು. ಯಾತ್ರೆ ಸಂಗ್ರಹಿಸುವುದು ತಿಳಿದ ಜನರನ್ನು ಎಂದು ಮೊದಲು ಹೇಳಿದ್ದು ಇದನ್ನೇ.

ಹೀಗೆ ಮಾಡಹೊರಟವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಮೊದಲನೆಯದು ಪ್ರಾಣ. ಅಮೆರಿಕದ ಆ ಯಾತ್ರೆಗಳಲ್ಲಿ ಸವಾರರು ರಸ್ತೆ ಅಪಘಾತಕ್ಕೆ ಬಲಿಯಾದದ್ದುಂಟು. 2015ರಲ್ಲಿ ಓಕ್ಲಹಾಮಾದಲ್ಲಿ ತರುಣನೊಬ್ಬ ಕಾರು ಬಡಿದು ಸತ್ತನು. ನಮ್ಮ ತೊಪ್ಪೂರು ಇಳಿಜಾರಿನಲ್ಲಿ ಲಾರಿಗಳ ಸರಣಿ ಅಪಘಾತಗಳ ಸುದ್ದಿ ನಾವು ಓದದ ವರ್ಷವಿಲ್ಲ. ಮಕ್ಕಳನ್ನು 44ನೆಯ ಹೆದ್ದಾರಿಗೆ ಇಳಿಸಕೂಡದು. ಏರ್ಕಾಡಿನ ಇಪ್ಪತ್ತು ತಿರುವುಗಳಿಗೂ ಕಳುಹಿಸಕೂಡದು. ಊರಿನಿಂದ ಊರಿಗೆ ಹೋಗುವ ಹಳ್ಳಿಯ ರಸ್ತೆ ಸಾಕು. ಮುಂದೊಬ್ಬರು ಹಿಂದೊಬ್ಬರು ಹಿರಿಯರಿರಲಿ, ತಲೆಗೆ ಹೆಲ್ಮೆಟ್ ಇರಲಿ, ಬಿಸಿಲೇರುವ ಮೊದಲು ಮುಗಿಯಲಿ. ಬ್ರೇಕು ಸರಿಯಿಲ್ಲದ ಸೈಕಲ್ ಹೊರಡಕೂಡದು.

ಎರಡನೆಯದು ಲೆಕ್ಕ. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಯಾವ ದಿನ, ಯಾವುದಕ್ಕೆ ಎಂಬುದನ್ನು ಶಾಲೆಯ ಫಲಕದ ಮೇಲೆ ಬರೆದು ಹಾಕಬೇಕು. ಬಾಳೆಹಣ್ಣು, ನೀರು, ಪಂಕ್ಚರ್ ಖರ್ಚನ್ನು ಸಂಗ್ರಹದಿಂದ ತೆಗೆಯದೆ ಪಾಲಕರೇ ಹೊರಬೇಕು. ಮಕ್ಕಳಿಗೆ ಗಣಿತದ ಪಾಠವೂ ನಂಬಿಕೆಯ ಪಾಠವೂ ಒಂದೇ ಹಲಗೆಯ ಮೇಲೆ ದೊರೆಯುತ್ತವೆ.

ಮೂರನೆಯದು ಮರ್ಯಾದೆ. ನೆರವು ಪಡೆಯುವ ಮನೆಯವರನ್ನು ವೇದಿಕೆಗೆ ಕರೆದು ನಿಲ್ಲಿಸುವುದು, ಹಾರದ ಪಕ್ಕದಲ್ಲಿ ಅವರ ಬಡತನವನ್ನು ಚಿತ್ರ ತೆಗೆಯುವುದು ಬೇಡ. ಆ ಮನೆಯ ಮಗು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದರೆ ಅದು ಮರುದಿನ ಗೆಳೆಯರ ನಡುವೆ ತಲೆತಗ್ಗಿಸುವಂತಾಗಬಾರದು. ಆ ಮಗುವಿಗೂ ಸೈಕಲ್ ಇದ್ದರೆ ಅದೂ ತುಳಿಯಲಿ. ಅದರ ಅಪ್ಪ ಇನ್ನೊಬ್ಬರ ಗೋಡೆಗೆ ಒಂದು ದಿನದ ಕೆಲಸ ಕೊಡಲಿ. ಮನೆಯ ಹೆಸರು ಹೇಳುವ ಅಗತ್ಯವಿಲ್ಲ. ‘ನಮ್ಮೂರಿನ ಒಂದು ಮನೆ’ ಎಂದರೆ ಸಾಕು. ಸಹಾಯ ಮಾಡಬಲ್ಲವರು ವಿಚಾರಿಸಿಕೊಂಡು ಬರುತ್ತಾರೆ. ಆಗ ಆ ಮನೆಯವರ ಒಪ್ಪಿಗೆ ಕೇಳಿ ಹೇಳಬಹುದು.

ಇನ್ನು ಮುಂದೆ ಹೆದ್ದಾರಿಯಲ್ಲಿ ದೂರದ ಸವಾರರು ಕಂಡರೆ ಮಕ್ಕಳು ಕೈಬೀಸಿ ಹರಸಲಿ. ಚಹಾದಂಗಡಿಯಲ್ಲಿ ಸಿಕ್ಕರೆ ‘ಯಾವ ಕೆಲಸಕ್ಕಾಗಿ, ಎಷ್ಟು ಕೂಡಿತು, ಯಾರಿಗೆ ತಲುಪಿತು’ ಎಂದು ವಿನಯದಿಂದ ವಿಚಾರಿಸಲಿ. ಹಾಗೆಯೇ ಈ ವಾರ ಪಾಲಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗುವಿನ ತರಗತಿಯಲ್ಲಿ ಮಳೆ ಬಂದ ಮರುದಿನ ಶಾಲೆಗೆ ಬಾರದ ಮಗು ಯಾವುದೆಂದು ಕೇಳಿ ತಿಳಿಯಿರಿ. ಆ ಮನೆಯ ಗೋಡೆ ಯಾವ ಹಂತದಲ್ಲಿ ನಿಂತಿದೆ, ಪಟ್ಟಾ ಇದೆಯೇ, ಯಾವ ಕಂತು ಬಾಕಿಯಿದೆ ಎಂಬುದನ್ನು ಹೋಗಿ ನೋಡಿ ಬನ್ನಿ. ಸೈಕಲ್ಲುಗಳ ಗಾಳಿ ತುಂಬುವ ಕೆಲಸ ಅನಂತರವಾಗಲಿ.